ಜುಲು ಯುದ್ಧದ ಹಳೆ ಪುಸ್ತಕಗಳು: ನಾನು ಹುಡುಕಿ ಕೂಡಿಸುವ ಬಗೆ

1879ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಜುಲು ರಾಜ್ಯಕ್ಕೂ ನಡೆದ ಜುಲು ಯುದ್ಧದ ಬಗ್ಗೆ ಸೆಕೆಂಡ್ ಹ್ಯಾಂಡ್ ಪುಸ್ತಕ ಹುಡುಕಲು ಹೊರಟರೆ ಮೊದಲು ಸಿಗುವುದು ಬ್ರಿಟಿಷ್ ಸಿಪಾಯಿಗಳ ಕತೆ. ಕೆಂಪು ಕೋಟು, ಮಾರ್ಟಿನಿ-ಹೆನ್ರಿ ಬಂದೂಕು, ರೋರ್ಕ್ಸ್ ಡ್ರಿಫ್ಟ್ ಕಾಳಗದ ಶೌರ್ಯಕ್ಕೆ ಪದಕವಾಗಿ ಕೊಟ್ಟ 11 ವಿಕ್ಟೋರಿಯಾ ಕ್ರಾಸ್‌ಗಳು. ಇಂಥ ಪುಸ್ತಕ ಬೇಕಾದಷ್ಟಿವೆ, ಬೆಲೆಯೂ ಕಡಿಮೆ. ಜುಲು ಜನ ತಾವೇ ಏನು ಹೇಳಿದರು ಎಂದು ಬರೆದಿಟ್ಟ ಪುಸ್ತಕಗಳು ಮಾತ್ರ ಕಡಿಮೆ. ಕಾರ್ಡಿಫ್‌ನಲ್ಲಿ ಕೆಲಸ ಮಾಡಿಕೊಂಡು ಹಲವು ವರ್ಷಗಳಿಂದ ನಾನು ಮುಖ್ಯವಾಗಿ ಹುಡುಕುತ್ತಿರುವುದು ಅವನ್ನೇ.

ಈ ವಿಷಯ ಯಾಕೆ ಹಿಡಿಯಿತು ಅಂತ ಕೇಳುವವರಿದ್ದಾರೆ. ವೇಲ್ಸ್‌ನಲ್ಲಿ ಇದ್ದರೆ ಈ ಯುದ್ಧ ಎಲ್ಲಾದರೂ ಎದುರಾಗಿಯೇ ಆಗುತ್ತದೆ. ಬ್ರೆಕನ್ ಊರಿನಲ್ಲಿ ಬ್ರಿಟಿಷ್ ಸೈನ್ಯದ 24ನೇ ರೆಜಿಮೆಂಟಿನ ನೆಲೆ ಇತ್ತು. ಅಲ್ಲಿನ ಮ್ಯೂಸಿಯಂನಲ್ಲಿ ಜುಲು ಯುದ್ಧದ ವಸ್ತುಗಳಿವೆ, ಕೆಥೆಡ್ರಲ್‌ನಲ್ಲಿ ಬಫಲೋ ನದಿಯಿಂದ ಎತ್ತಿ ತಂದ ಆ ರೆಜಿಮೆಂಟಿನ ಬಾವುಟ ಇದೆ. 1879ರ ಜನವರಿ 22ರಂದು ಇಸಾಂಡ್ಲ್ವಾನದಲ್ಲಿ ಜುಲು ಸೈನ್ಯ ಈ ರೆಜಿಮೆಂಟನ್ನು ಮುರಿಯಿತು. ಬ್ರಿಟಿಷರ ಕಡೆ 1,300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಂದಿ ಬ್ರಿಟಿಷರ ಪರ ನಿಂತ ಆಫ್ರಿಕನ್ನರು. ಮ್ಯೂಸಿಯಂ ನೋಡಿ ಬಂದ ಮೇಲೆ ನನಗೆ ಒಂದೇ ಪ್ರಶ್ನೆ ಉಳಿಯಿತು. ಗೆದ್ದವರು ಆ ದಿನವನ್ನು ಹೇಗೆ ನೆನೆದರು?

ಯುದ್ಧ ಹಚ್ಚಿದ, ದಕ್ಷಿಣ ಆಫ್ರಿಕಾದ ಬ್ರಿಟಿಷ್ ಹೈಕಮಿಷನರ್ ಬಾರ್ಟಲ್ ಫ್ರಿಯರ್ ನಮಗೂ ಹೊರಗಿನವನಲ್ಲ. 1862ರಿಂದ 1867ರವರೆಗೆ ಅವನು ಬೊಂಬಾಯಿಯ ಗವರ್ನರ್. ಆಗ ಧಾರವಾಡ, ಬೆಳಗಾವಿ ಕಡೆಯೂ ಅವನ ಆಡಳಿತಕ್ಕೇ ಸೇರಿತ್ತು. 1878ರ ಡಿಸೆಂಬರ್ 11ರಂದು ಜುಲು ದೊರೆ ಸೆಟ್ಶ್ವಾಯೊಗೆ ಗಡುವು ಕೊಟ್ಟ. ಸೈನ್ಯದ ಕಟ್ಟುಪಾಡನ್ನೇ ಕಳಚಿ ಹಾಕು ಅನ್ನುವುದು ಅದರ ಮುಖ್ಯ ಬೇಡಿಕೆ. ಯಾವ ದೊರೆಯೂ ಒಪ್ಪುವ ಮಾತಲ್ಲ ಅದು. ಮುಂದಿನ ತಿಂಗಳೇ ಸೈನ್ಯ ಗಡಿ ದಾಟಿತು.

ಬ್ರೆಕನ್‌ಗೆ ಹತ್ತಿರದಲ್ಲೇ ಹೇ-ಆನ್-ವೈ ಇದೆ, ಹಳೆ ಪುಸ್ತಕದಂಗಡಿಗಳಿಗೇ ಹೆಸರಾದ ಊರು. ಅಲ್ಲಿ ನಾನು ಮಿಲಿಟರಿ ಕಪಾಟಿಗೆ ಕೊನೆಯಲ್ಲಿ ಹೋಗುತ್ತೇನೆ. ನನಗೆ ಬೇಕಾದ ಪುಸ್ತಕಗಳನ್ನು ಅಂಗಡಿಯವರು ಸಾಮಾನ್ಯವಾಗಿ ಬೇರೆ ಕಡೆ ಇಟ್ಟಿರುತ್ತಾರೆ. ಪ್ರವಾಸ, ಮಿಷನರಿ, ಆಫ್ರಿಕಾ, ಕೆಲವು ಸಲ ಧರ್ಮ. ಜುಲು ಸೀಮೆಯ ಪಕ್ಕದ ಬ್ರಿಟಿಷ್ ವಸಾಹತು ನಟಾಲ್‌ನ ಬಿಷಪ್ ಕೊಲೆನ್ಸೊ ಹೆಸರು ಇದ್ದರೆ ಸಾಕು, ಪುಸ್ತಕ ಚರ್ಚಿನ ಕಪಾಟಿಗೆ ಹೋಗಿಬಿಡುತ್ತದೆ! ಚ್ಯಾರಿಟಿ ಅಂಗಡಿಗಳಲ್ಲಿ 1960, 70ರ ದಶಕದ ಪೇಪರ್‌ಬ್ಯಾಕ್‌ಗಳು ಒಂದೆರಡು ಪೌಂಡಿಗೆ ಸಿಗುತ್ತವೆ. ಅವುಗಳ ಬೆನ್ನು ಮಾತ್ರ ಒತ್ತಿ ನೋಡಿ ತೆಗೆದುಕೊಳ್ಳಿ. ಅಂಟು ಒಣಗಿ, ನಡುವೆ ತೆರೆದ ಕೂಡಲೇ ಹಾಳೆ ಕೈಗೆ ಬರುವುದು ಜಾಸ್ತಿ.

ಆನ್‌ಲೈನ್‌ನಲ್ಲಿ ಹುಡುಕುವಾಗ ಹಳೆಯ ಸ್ಪೆಲಿಂಗ್‌ಗಳನ್ನೂ ಹಾಕಿ ನೋಡುತ್ತೇನೆ. ಇಸಾಂಡ್ಲ್ವಾನಕ್ಕೆ ಇಸಾಂಡುಲಾ, ಸೆಟ್ಶ್ವಾಯೊಗೆ ಸೆಟೆವಾಯೊ, ಹೀಗೆ. ಮಾರುವವರು ಒಳಗಿದ್ದ ಹೆಸರನ್ನೇ ಹಾಗೇ ಟೈಪ್ ಮಾಡಿರುತ್ತಾರೆ. ಈಗಿನ ಹೆಸರು ಹಾಕಿ ಹುಡುಕುವವರಿಗೆ ಆ ಪ್ರತಿ ಕಾಣುವುದೇ ಇಲ್ಲ.

ಹತ್ತೊಂಬತ್ತನೇ ಶತಮಾನದ ಪುಸ್ತಕ ಕೊಳ್ಳುವಾಗ ನಾನು ಮೊದಲು ಕೇಳುವುದು ನಕ್ಷೆಗಳ ಬಗ್ಗೆ. ಬ್ರಿಟಿಷ್ ಯುದ್ಧ ಇಲಾಖೆ 1881ರಲ್ಲಿ ತಂದ ಅಧಿಕೃತ ಇತಿಹಾಸವನ್ನೇ ತೆಗೆದುಕೊಳ್ಳಿ. ಅದರ ಜೀವ ಇರುವುದು ಮಡಚಿಟ್ಟ ನಕ್ಷೆಗಳಲ್ಲಿ. ನಕ್ಷೆ ಹರಿದುಹೋದ ಪ್ರತಿಗಳು, ಯಾರೋ ಕತ್ತರಿಸಿಕೊಂಡ ಪ್ರತಿಗಳು ಬೇಕಾದಷ್ಟು ಓಡಾಡುತ್ತಿವೆ. ಪುಸ್ತಕದ ಮೊದಲಲ್ಲಿರುವ ಪಟ್ಟಿಯಲ್ಲಿ ಎಷ್ಟು ನಕ್ಷೆ ಅಂತ ಇದೆಯೋ ಅಷ್ಟೂ ಇವೆಯಾ ಎಂದು ಒಂದೊಂದಾಗಿ ಬಿಚ್ಚಿ ನೋಡಬೇಕು. ಸ್ಕ್ಯಾನ್‌ನಿಂದ ಅಚ್ಚು ಹಾಕಿ ಮಾರುವ ಹೊಸ ಪ್ರತಿಗಳಲ್ಲಿ ಇದೇ ದೊಡ್ಡ ತೊಂದರೆ. ಎಷ್ಟೋ ಸಲ ಸ್ಕ್ಯಾನ್ ಮಾಡಿದವರು ಮಡಿಕೆ ಬಿಚ್ಚಿರುವುದೇ ಇಲ್ಲ. ಮಡಚಿದ ಕಾಗದದ ಬೆನ್ನಷ್ಟೇ ಅಚ್ಚಾಗಿರುತ್ತದೆ. ಇಂಥ ಪ್ರತಿಗೆ '1880' ಅಂತ ಇಸವಿ ಹಾಕಿ ಮಾರುವವರೂ ಇದ್ದಾರೆ. ಐಎಸ್‌ಬಿಎನ್ (ಈಗಿನ ಪುಸ್ತಕಗಳಿಗೆ ಹಾಕುವ ಗುರುತಿನ ಸಂಖ್ಯೆ) ಇದೆಯಾ ನೋಡಿ, ಇದ್ದರೆ ಅದು ಈಚಿನ ಅಚ್ಚು. ಆ ಪ್ರತಿಯದ್ದೇ ಫೋಟೊ ಕಳಿಸಿ ಅಂತ ಕೇಳಲು ಸಂಕೋಚ ಬೇಡ.

ಲೈಬ್ರರಿ ಮುದ್ರೆ, ಕಂದು ಚುಕ್ಕೆ, ಪೆನ್ಸಿಲ್ ಗೀಟು ನನಗೆ ಅಡ್ಡಿಯಲ್ಲ. ಓದಲೆಂದು ಕೊಳ್ಳುತ್ತೇನೆ, ಮಾರಲೆಂದು ಅಲ್ಲ.

ಈಗ ನಾನು ನಿಜವಾಗಿ ಅಕ್ಕರೆಯಿಂದ ಇಟ್ಟುಕೊಂಡಿರುವವುಗಳ ವಿಷಯ. ಬರ್ಟ್ರಮ್ ಮಿಟ್‌ಫರ್ಡ್ ಎಂಬವನು 1882ರಲ್ಲಿ ಜುಲು ಸೀಮೆಯಲ್ಲಿ ತಿರುಗಾಡಿ, ಕಾದಾಡಿದ ಜುಲು ಸೈನಿಕರನ್ನೇ ಕೂರಿಸಿ ಮಾತಾಡಿಸಿದ. ಅವನ ಪ್ರವಾಸದ ಪುಸ್ತಕ 1883ರಲ್ಲಿ ಬಂತು. ಯುದ್ಧ ಮುಗಿದು ಮೂರೇ ವರ್ಷ, ಎಲ್ಲರ ನೆನಪೂ ಇನ್ನೂ ಹಸಿ. ಕಾರ್ನೀಲಿಯಸ್ ವೈನ್ ಎಂಬ ಡಚ್ ವ್ಯಾಪಾರಿ ಯುದ್ಧ ಶುರುವಾದಾಗ ಜುಲು ಸೀಮೆಯ ಒಳಗೇ ಇದ್ದ. ಅವನ ದಿನಚರಿಯನ್ನು ಬಿಷಪ್ ಕೊಲೆನ್ಸೊ ಇಂಗ್ಲಿಷಿಗೆ ತಂದು, ತಮ್ಮ ಟಿಪ್ಪಣಿ ಸೇರಿಸಿ 1880ರಲ್ಲಿ ಅಚ್ಚು ಹಾಕಿಸಿದರು. ಈ ಎರಡಕ್ಕೂ ಈಚಿನ ಮರುಮುದ್ರಣ ಇದೆ, ಅದೇ ಸಾಕು. ಮೊದಲ ಮುದ್ರಣದ ಹಿಂದೆ ಓಡಿ ದುಡ್ಡು ಸುರಿಯಬೇಕಿಲ್ಲ.

ಸೆಟ್ಶ್ವಾಯೊ ತಾನೇ ಮಾತಾಡುವ ಪುಸ್ತಕವೂ ಒಂದಿದೆ. ಸೆರೆಯಲ್ಲಿದ್ದಾಗ ಅವನು ಕೊಟ್ಟ ಹೇಳಿಕೆಗಳನ್ನು ಕಾಲಿನ್ ವೆಬ್ ಮತ್ತು ಜಾನ್ ರೈಟ್ ಒಟ್ಟುಮಾಡಿದರು, ನಟಾಲ್ ವಿಶ್ವವಿದ್ಯಾಲಯದ ಪ್ರೆಸ್ 1978ರಲ್ಲಿ ಅಚ್ಚು ಹಾಕಿತು. ತೆಳು ಪುಸ್ತಕ, ಕಪಾಟಿನಲ್ಲಿ ದಪ್ಪ ಪುಸ್ತಕಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ಸೋತ ದೊರೆಯೊಬ್ಬ ತನ್ನ ರಾಜ್ಯ ಹೇಗೆ ನಡೆಯುತ್ತಿತ್ತು ಎಂದು ತಾಳ್ಮೆಯಿಂದ ಬಿಡಿಸಿ ಹೇಳುವುದನ್ನು ಓದಿದರೆ, ಅವನನ್ನು ಕ್ರೂರಿ ಅಂತ ಸಾರಿದ ಫ್ರಿಯರ್‌ನ ಪತ್ರಗಳು ಬೇರೆಯೇ ಥರ ಕಾಣುತ್ತವೆ. ನನ್ನ ಸಂಗ್ರಹದಲ್ಲಿ ಒಂದೇ ಪುಸ್ತಕ ಉಳಿಸಿಕೋ ಅಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಮಗೇಮಾ ಫುಜೆ ಬರೆದದ್ದು ಇನ್ನೂ ಅಪರೂಪ. ಕೊಲೆನ್ಸೊ ಅವರ ಮಿಷನ್‌ನಲ್ಲಿ ಅಚ್ಚಿನ ಕೆಲಸ ಕಲಿತವರು ಅವರು. ತಮ್ಮ ಜನರ ಚರಿತ್ರೆಯನ್ನು ಜುಲು ಭಾಷೆಯಲ್ಲೇ ಬರೆದು 1922ರಲ್ಲಿ ಹೊರತಂದರು. ಇಂಗ್ಲಿಷ್ ಅನುವಾದ ಬಂದದ್ದು 1979ರಲ್ಲಿ. ನನಗೆ ಸಿಕ್ಕಿರುವುದು ಅನುವಾದ ಮಾತ್ರ, ಅದೂ ದಕ್ಷಿಣ ಆಫ್ರಿಕಾದಿಂದ ತರಿಸಿದ್ದು. ಪುಸ್ತಕದ ಬೆಲೆಗಿಂತ ಅಂಚೆ ಖರ್ಚೇ ಜಾಸ್ತಿ ಆಯಿತು.

ಜೇಮ್ಸ್ ಸ್ಟುವರ್ಟ್ ವಿಷಯ ಸ್ವಲ್ಪ ತೊಡಕಿನದು. ಇವನು ನಟಾಲ್ ಸರ್ಕಾರದ ಮ್ಯಾಜಿಸ್ಟ್ರೇಟ್. 1897ರಿಂದ ಕಾಲು ಶತಮಾನ ಸುಮಾರು 200 ಜನರನ್ನು ಕಂಡು, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡ. ಆ ಕಾಗದಗಳು ಡರ್ಬನ್‌ನ ಕಿಲ್ಲಿ ಕ್ಯಾಂಪ್‌ಬೆಲ್ ಲೈಬ್ರರಿಯಲ್ಲಿವೆ. ಸಂಪುಟಗಳಾಗಿ ಅಚ್ಚಾಗಲು ಶುರುವಾದದ್ದು 1976ರಲ್ಲಿ, ಆರನೆಯದು ಬಂದದ್ದು 2014ರಲ್ಲಿ. ಇಷ್ಟು ಅಂತರ ಇದ್ದದ್ದರಿಂದ ಪೂರ್ತಿ ಸೆಟ್ ಒಟ್ಟಿಗೆ ಸಿಗುವುದು ಬಹಳ ಕಷ್ಟ. ಬಿಡಿಬಿಡಿಯಾಗಿಯೇ ಕೂಡಿಸಬೇಕು. ಅದೇ ಸ್ಟುವರ್ಟ್ 1906ರ ಜುಲು ದಂಗೆಯ ಬಗ್ಗೆ 1913ರಲ್ಲಿ ಒಂದು ದಪ್ಪ ಇತಿಹಾಸ ಬರೆದ. ಅದು ಸರ್ಕಾರದ ಕಡೆಯ ಮಾತು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ. ಕೇಳಿಸಿಕೊಳ್ಳುವಾಗ ಇಷ್ಟು ತಾಳ್ಮೆ ಇದ್ದವನು ತೀರ್ಪು ಕೊಡುವಾಗ ಯಾಕೆ ಹೀಗೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಇಂಗ್ಲಿಷ್ ಕಡೆಯ ಪುಸ್ತಕ ಬೇಡವೇ ಬೇಡ ಅಂತ ಅಲ್ಲ. ಬಿಷಪ್ಪರ ಮಗಳು ಫ್ರಾನ್ಸಿಸ್ ಕೊಲೆನ್ಸೊ 1880ರಲ್ಲೇ ಈ ಯುದ್ಧ ಅನ್ಯಾಯದ್ದು ಅಂತ ಬರೆದಳು. ಡೊನಾಲ್ಡ್ ಮಾರಿಸ್ 1965ರಲ್ಲಿ ಬರೆದ ದೊಡ್ಡ ಪುಸ್ತಕ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ, ಓದಿಸಿಕೊಂಡು ಹೋಗುತ್ತದೆ. ಇಸಾಂಡ್ಲ್ವಾನದಲ್ಲಿ ಮದ್ದುಗುಂಡಿನ ಪೆಟ್ಟಿಗೆಯ ಸ್ಕ್ರೂ ಬಿಚ್ಚಲಾಗದೆ ಸೋತರು ಅನ್ನುವ ಕತೆ ಅದರಿಂದಲೇ ಹೆಚ್ಚು ಹರಡಿತು. ಪೆಟ್ಟಿಗೆಯ ಮುಚ್ಚಳಕ್ಕೆ ಇದ್ದದ್ದು ಒಂದೇ ಸ್ಕ್ರೂ, ಒದ್ದರೆ ಮುರಿದು ಬರುತ್ತಿತ್ತು ಎಂದು ಆಮೇಲಿನವರು ತೋರಿಸಿದ್ದಾರೆ. ಅದಕ್ಕೇ ಮಾರಿಸ್ ಜೊತೆಗೆ ಜೆಫ್ ಗೈ 1979ರಲ್ಲಿ ಬರೆದದ್ದನ್ನೂ ಕೊಳ್ಳಿ ಅನ್ನುತ್ತೇನೆ. ಜುಲು ರಾಜ್ಯ ಮುರಿದದ್ದು 1879ರ ಕಾಳಗಗಳಲ್ಲಿ ಅಲ್ಲ, ಆಮೇಲೆ ಬ್ರಿಟಿಷ್ ಜನರಲ್ ವುಲ್ಸ್‌ಲಿ ಅದನ್ನು 13 ತುಂಡು ಮಾಡಿದ್ದರಿಂದ ಹುಟ್ಟಿದ ಅಂತರ್ಯುದ್ಧದಲ್ಲಿ ಅನ್ನುವುದು ಅವರ ವಾದ. ಜಾನ್ ಲ್ಯಾಬಂಡ್ ಅವರ 1995ರ ಪುಸ್ತಕ ಇಂಗ್ಲೆಂಡಿನಲ್ಲಿ ಬೇರೆ ಹೆಸರಿನಲ್ಲಿ ಬಂದಿದೆ. ಎರಡೂ ಒಂದೇ, ಎರಡಕ್ಕೂ ದುಡ್ಡು ಕೊಡಬೇಡಿ.

1906ರ ಸಾಲಿನಲ್ಲಿ ಗಾಂಧೀಜಿಯ ಆತ್ಮಕಥೆಯ ಕನ್ನಡ ಪ್ರತಿಯನ್ನೂ ಇಟ್ಟಿದ್ದೇನೆ. ನಟಾಲ್‌ನಲ್ಲಿ ತಲೆಗಂದಾಯಕ್ಕೆ ತಿರುಗಿಬಿದ್ದ ಜುಲು ಮುಖಂಡ ಬಂಬಾಥಾನ ಜನರನ್ನು ಸರ್ಕಾರ ಬೇಟೆಯಾಡಿದಾಗ ಗಾಂಧೀಜಿ ಡೋಲಿ ಹೊರುವ ಪಡೆ ಕಟ್ಟಿಕೊಂಡು ಹೋಗಿದ್ದರು. 24 ಜನರ ಆ ಪಡೆಯಲ್ಲಿ ಹೆಚ್ಚಿನವರು ದಕ್ಷಿಣ ಭಾರತದಿಂದ ಕೂಲಿಗೆ ಹೋಗಿದ್ದವರು. ಬಿಳಿಯರು ಮುಟ್ಟಲೊಲ್ಲದ, ಚಾಟಿ ಏಟಿನಿಂದ ಗಾಯಗೊಂಡ ಜುಲು ಜನರಿಗೆ ಆರೈಕೆ ಮಾಡಿದರು. ಇದು ಯುದ್ಧವಲ್ಲ, ಮನುಷ್ಯರ ಬೇಟೆ ಅಂತ ಗಾಂಧೀಜಿಗೆ ಅಲ್ಲೇ ಅನಿಸಿತು. ಆ ಕೂಲಿಗಳಲ್ಲಿ ಯಾರಾದರೂ ತಮ್ಮ ಕಡೆಯಿಂದ ನಾಲ್ಕು ಸಾಲು ಬರೆದಿಟ್ಟಿದ್ದರೆ ಅನ್ನುವ ಆಸೆ ನನಗೆ. ಡರ್ಬನ್ ಕಡೆಯ ಭಾರತೀಯರ ಮನೆಗಳ ಹಳೆ ಪುಸ್ತಕ, ಕಾಗದಗಳು ಮಾರಾಟಕ್ಕೆ ಬಂದಾಗ ಪಟ್ಟಿಯನ್ನು ಕೊನೆಯವರೆಗೂ ನೋಡುತ್ತೇನೆ.