ಜೂನ್ 25: ಒಂದು ತಾರೀಖಿನ ಹಾಡುಗಳನ್ನು ನಾನು ಜೋಡಿಸಿದ ಬಗೆ

ರಾಯಚೂರಿನಲ್ಲಿ ನಾವು ಕೆಲವು ಸಂಗೀತಾಸಕ್ತರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕೂಡಿ ಹಾಡು ಕೇಳುತ್ತೇವೆ. ಕ್ಯಾಲೆಂಡರಿನ ಒಂದು ತಾರೀಖನ್ನು ಹಿಡಿದು, ಬೇರೆ ಬೇರೆ ವರ್ಷಗಳಲ್ಲಿ ಆ ದಿನ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ಏನೇನು ನಡೆಯಿತೆಂಬುದನ್ನು ಹಾಡುಗಳ ಸಮೇತ ವಿವರಿಸುವ ಹೊಣೆ ನನ್ನದು. ಜೂನ್ 25ರ ಸಂಜೆಗೆ ನಾನು ಮಾಡಿಕೊಂಡ ಸಿದ್ಧತೆ ಈ ಕೆಲಸದ ಬಗೆಗಿನ ನನ್ನ ತಿಳಿವಳಿಕೆಯನ್ನೇ ಬದಲಿಸಿತಾದ್ದರಿಂದ ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪಟ್ಟಿ ಮಾಡುವುದು ಕಷ್ಟವಲ್ಲ. ಸಂಗೀತ ನಿರ್ದೇಶಕ ಮದನ್ ಮೋಹನ್ 1924ರ ಜೂನ್ 25ರಂದು ಬಾಗ್ದಾದಿನಲ್ಲಿ ಹುಟ್ಟಿದರು. ಗಾಯಕ ಜಾರ್ಜ್ ಮೈಕೆಲ್ ಹುಟ್ಟಿದ್ದು 1963ರ ಇದೇ ದಿನ. 1984ರಲ್ಲಿ ಪ್ರಿನ್ಸ್ ಅವರ 'ಪರ್ಪಲ್ ರೇನ್' ಆಲ್ಬಮ್ ಮಾರುಕಟ್ಟೆಗೆ ಬಂತು. 2009ರಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡರು. ನಮ್ಮ ಕಡೆ ಈ ತಾರೀಖು ಎಂದೊಡನೆ ಎಲ್ಲರ ನೆನಪಿಗೂ ಬರುವುದು 1983ರ ವಿಶ್ವಕಪ್. ಆದರೆ ಅದು ಸಂಗೀತದ ಮಾತಲ್ಲವಾದ್ದರಿಂದ ಬಿಟ್ಟೆ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಘಟನೆಯ ಮುಂದೆ ಅದು ಜನನವೋ, ಧ್ವನಿಮುದ್ರಣವೋ, ಬಿಡುಗಡೆಯೋ, ಪ್ರಸಾರವೋ, ಮರಣವೋ ಎಂದು ಬರೆಯುವ ಅಂಕಣವೊಂದಿದೆ. ಇವನ್ನೆಲ್ಲ ಒಂದೇ ತೂಕದಲ್ಲಿ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಜನನದ ದಿನ ಕಲಾವಿದನಿಗೆ ಸೇರಿದ್ದು, ಬಿಡುಗಡೆಯ ದಿನ ಕಂಪನಿಗೆ ಸೇರಿದ್ದು. ಆ ದಿನವೇ, ಆ ಗಳಿಗೆಯಲ್ಲೇ ಹಾಡು ನಡೆದಿದ್ದರೆ ಅದಕ್ಕೆ ಹೆಚ್ಚು ಸಮಯ ಕೊಡಬೇಕು.

ಜೂನ್ 25ಕ್ಕೆ ಅಂಥ ಘಟನೆಯೊಂದಿದೆ. 1967ರ ಆ ಭಾನುವಾರ ರಾತ್ರಿ 'ಅವರ್ ವರ್ಲ್ಡ್' ಎಂಬ ದೂರದರ್ಶನ ಕಾರ್ಯಕ್ರಮ ಹಲವು ದೇಶಗಳನ್ನು ಉಪಗ್ರಹಗಳ ಮೂಲಕ ನೇರವಾಗಿ ಬೆಸೆಯಿತು. ಬ್ರಿಟನ್ನಿನ ಪಾಲಿಗೆ ಬೀಟಲ್ಸ್ ತಂಡ ಲಂಡನ್ನಿನ ಅಬ್ಬಿ ರೋಡಿನಲ್ಲಿರುವ ಇಎಂಐ ಸ್ಟುಡಿಯೋದಿಂದ 'ಆಲ್ ಯು ನೀಡ್ ಈಸ್ ಲವ್' ಹಾಡಿತು. ವಾದ್ಯಗಳ ಒಂದಿಷ್ಟು ಭಾಗವನ್ನು ಮೊದಲೇ ಮುದ್ರಿಸಿಕೊಂಡು, ಅದರ ಮೇಲೆ ಗಾಯನವನ್ನೂ ವಾದ್ಯಮೇಳವನ್ನೂ ನೇರವಾಗಿ ಸೇರಿಸಿದರು. ಫ್ರಾನ್ಸಿನ ರಾಷ್ಟ್ರಗೀತೆಯ ಎಳೆಯೊಂದಿಗೆ ಹಾಡು ಆರಂಭವಾಗುತ್ತದೆ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನ ಈ ಕಾರ್ಯಕ್ರಮವನ್ನು ನೋಡಿದರೆಂಬುದು ಆಗಿನ ಅಂದಾಜು. ಅರಬ್–ಇಸ್ರೇಲ್ ಯುದ್ಧದ ಹಿನ್ನೆಲೆಯಲ್ಲಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರದೇಶಗಳು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದಿದ್ದವು. ಧ್ವನಿಮುದ್ರಿಕೆ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು ಜುಲೈ 7ರಂದು. ಬಿಡುಗಡೆಯನ್ನೇ ಆಧಾರವಾಗಿ ಹಿಡಿದಿದ್ದರೆ ಈ ಹಾಡು ನನ್ನ ಸಂಜೆಯೊಳಕ್ಕೆ ಬರುತ್ತಲೇ ಇರಲಿಲ್ಲ.

ಇದನ್ನು ಮುಂಚಿತವಾಗಿ ಗೆಳೆಯರೊಬ್ಬರಿಗೆ ಓದಿ ಹೇಳಿದೆ. ಅವರು ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಪಾಳಿಯ ಮೇಲೆ ದುಡಿದು ನಿವೃತ್ತರಾದವರು. ಎಲ್ಲವನ್ನೂ ಕೇಳಿಸಿಕೊಂಡು, "ಸರ್, ಅದು ಅವರ ರಾತ್ರಿರಿ. ಅವಾಗ ನಮ್ಮಲ್ಲಿ ಯಾವ ತಾರೀಖಿತ್ತು? ನಮ್ಮ ರಾತ್ರಿ ಪಾಳ್ಯಾಗ ಲಾಗ್ ಬುಕ್ಕಿನ ತಾರೀಖು ನಡುವೇ ಬದಲಾಗ್ತಿತ್ರಿ" ಎಂದರು. ನಾನು ಅಲ್ಲಿಯೇ ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಬೀಟಲ್ಸ್ ಹಾಡಿದಾಗ ಅಲ್ಲಿ ರಾತ್ರಿ ಒಂಬತ್ತು ದಾಟಿತ್ತು; ಅಂದರೆ ರಾಯಚೂರಿನಲ್ಲಿ ಒಂದೂವರೆ ಮೀರಿ, ಜೂನ್ 26 ಆರಂಭವಾಗಿತ್ತು. ಮೈಕೆಲ್ ಜಾಕ್ಸನ್ ಅವರ ಸಾವನ್ನು ಲಾಸ್ ಏಂಜಲೀಸಿನ ವೈದ್ಯರು ಘೋಷಿಸಿದ್ದು ಅಲ್ಲಿಯ ಗುರುವಾರ ಮಧ್ಯಾಹ್ನ 2.26ಕ್ಕೆ, ನಮ್ಮಲ್ಲಿ ಶುಕ್ರವಾರ ಬೆಳಗಿನ ಜಾವ 2.56. ಆ ಸುದ್ದಿಯನ್ನು ನಾವೆಲ್ಲ 26ರ ಬೆಳಿಗ್ಗೆ ಟೀವಿಯಲ್ಲಿ ಕೇಳಿದ್ದು ಇದೇ ಕಾರಣಕ್ಕೆ. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಇನ್ನೆರಡು ಅಂಕಣಗಳು ಸೇರಿದವು: ಅಲ್ಲಿಯ ಗಂಟೆ, ನಮ್ಮ ಗಂಟೆ.

1967ರ ಆ ಪ್ರಸಾರದಲ್ಲಿ ಬಳಕೆಯಾದ ಉಪಗ್ರಹಗಳಲ್ಲಿ ನಾಸಾದ ಎಟಿಎಸ್-1 ಕೂಡ ಒಂದು. ಅದೇ ಸರಣಿಯ ಎಟಿಎಸ್-6ರ ಮೂಲಕ 1975ರ ಆಗಸ್ಟ್ 1ರಂದು ಭಾರತದಲ್ಲಿ 'ಸೈಟ್' ಎಂಬ, ಉಪಗ್ರಹದಿಂದ ಹಳ್ಳಿಗಳಿಗೆ ಶೈಕ್ಷಣಿಕ ಟೀವಿ ತಲುಪಿಸುವ ಪ್ರಯೋಗ ಆರಂಭವಾಗಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಟೀವಿ ಬಂತು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಗುಲಬರ್ಗಾ, ಬಿಜಾಪುರ ಮತ್ತು ಆಗ ಕೊಪ್ಪಳವನ್ನೂ ಒಳಗೊಂಡಿದ್ದ ನಮ್ಮ ರಾಯಚೂರು ಜಿಲ್ಲೆಗಳಿಗೆ. ಇದನ್ನು ಆ ಸಂಜೆ ಹೇಳದೆ ಇರಲು ನನಗೆ ಮನಸ್ಸಾಗಲಿಲ್ಲ.

1975ರ ಜೂನ್ 25ನ್ನು ಸೇರಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಬಿದ್ದದ್ದು ಆ ರಾತ್ರಿ. ದೇಶ ಅದನ್ನು ಆಕಾಶವಾಣಿಯಲ್ಲಿ ಕೇಳಿದ್ದು 26ರ ಬೆಳಿಗ್ಗೆ. ಅದು ರಾಜಕೀಯ ಘಟನೆ, ನಿಜ. ಆದರೆ ಸರ್ಕಾರದೊಂದಿಗೆ ಸಹಕರಿಸಲು ಒಪ್ಪದ ಕಿಶೋರ್ ಕುಮಾರ್ ಅವರ ಹಾಡುಗಳು 1976ರ ಮೇ 4ರಿಂದ ಆಕಾಶವಾಣಿ, ದೂರದರ್ಶನಗಳಿಂದ ಮರೆಯಾದದ್ದು ಆ ರಾತ್ರಿಯ ಸಹಿಯ ಮುಂದುವರಿಕೆಯೇ. ರೇಡಿಯೋ ಬಿಟ್ಟರೆ ಹಾಡು ಕೇಳಲು ಬೇರೆ ದಾರಿಯಿಲ್ಲದ ಹಳ್ಳಿಗಳಲ್ಲಿ ಒಂದು ದನಿಯೇ ಇಲ್ಲವಾಯಿತು. ಹಾಡು ನಿಂತದ್ದೂ ಸಂಗೀತ ಚರಿತ್ರೆಯ ಘಟನೆಯೇ ಎಂದು ನಿರ್ಧರಿಸಿ, 1972ರ 'ಕುಳ್ಳ ಏಜೆಂಟ್ 000' ಚಿತ್ರಕ್ಕೆ ರಾಜನ್–ನಾಗೇಂದ್ರ ಅವರ ಸಂಗೀತದಲ್ಲಿ ಕಿಶೋರ್ ಹಾಡಿದ ಕನ್ನಡ ಹಾಡನ್ನು ಅಲ್ಲಿ ಇಟ್ಟೆ.

ಮದನ್ ಮೋಹನ್ ತೀರಿಕೊಂಡದ್ದು 1975ರ ಜುಲೈ 14ರಂದು, ಐವತ್ತೊಂದು ತುಂಬಿ ಮೂರು ವಾರವಾಗುವ ಮೊದಲೇ. ಅವರು ಬಳಸದೆ ಬಿಟ್ಟಿದ್ದ ರಾಗಸಂಯೋಜನೆಗಳು 2004ರ 'ವೀರ್ ಜಾರಾ' ಚಿತ್ರದಲ್ಲಿ ಹೊಸದಾಗಿ ಬೆಳಕು ಕಂಡವು. ಇಂಥ ಚಿತ್ರಗೀತೆಗಳ ಕಾಲ ನಿರ್ಣಯಕ್ಕೆ ನಾನು ಅನುಸರಿಸುವ ಉಪಾಯವೊಂದಿದೆ: ಹಳೆಯ ರೆಕಾರ್ಡಿನ ಲೇಬಲ್ಲಿನಲ್ಲಿ ಚಿತ್ರದ ಹೆಸರು, ಗಾಯಕರ ಹೆಸರು ಸಿಗುತ್ತವೆಯೇ ಹೊರತು ಮುದ್ರಣದ ದಿನ ಸಿಗುವುದಿಲ್ಲವಾದ್ದರಿಂದ, ಚಿತ್ರದ ಆರಂಭದಲ್ಲಿ ಕಾಣುವ ಸೆನ್ಸಾರ್ ಪ್ರಮಾಣಪತ್ರದ ತಾರೀಖನ್ನು ನೋಡುತ್ತೇನೆ, ಹಾಡು ಅದಕ್ಕಿಂತ ಮುಂಚಿನದೆಂಬಷ್ಟು ಖಚಿತವಾಗುತ್ತದೆ.

ಕೊನೆಗೆ ಹಾಳೆಯ ಮೇಲೆ 'ಜೂನ್ 25ರ ಹಗಲು, 26ರ ಬೆಳಗಿನ ಜಾವ' ಎಂದು ಶೀರ್ಷಿಕೆ ಬರೆದೆ. ಜುಲೈ 31ರ ಹಾಳೆಯೂ ಇದೇ ರೀತಿ ಸಿದ್ಧವಾಗುತ್ತಿದೆ: ಮಹಮ್ಮದ್ ರಫಿ 1980ರಲ್ಲಿ ಮುಂಬೈಯಲ್ಲಿ ತೀರಿಕೊಂಡ ರಾತ್ರಿ ನಮ್ಮ ಗಡಿಯಾರದಲ್ಲೂ 31ನೆಯದೇ, 1964ರಲ್ಲಿ ಅಮೆರಿಕದ ಗಾಯಕ ಜಿಮ್ ರೀವ್ಸ್ ಅವರ ವಿಮಾನ ನ್ಯಾಶ್‌ವಿಲ್ ಬಳಿ ಬಿದ್ದಾಗ ಅಲ್ಲಿ ಸಂಜೆ, ಇಲ್ಲಿ ಆಗಸ್ಟ್ 1. ಹೀಗಾಗಿ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಸತ್ಯಂ ಸಂಗೀತದಲ್ಲಿ ರಫಿ ಹಾಡಿದ ಕನ್ನಡ ಹಾಡು ಮೊದಲು ಬರುತ್ತದೆ, ರೀವ್ಸ್ ಅವರದು ನಂತರ.