‘ಯಾರನ್ನು ಮುಟ್ಟಿದಿರಿ’ ಅಂತ ಕೇಳುತ್ತಿರಲಿಲ್ಲ

2014ರ ಕೊನೆಗೆ ನಾನು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ, ಪೋರ್ಟ್ ಲೋಕೋ ಜಿಲ್ಲೆಯ ಎಬೋಲಾ ಸಂಪರ್ಕ ಪತ್ತೆ ತಂಡದ ಜೊತೆ ಇದ್ದೆ. ರೋಗಿಯ ಹತ್ತಿರ ಬಂದವರೆಲ್ಲರ ಪಟ್ಟಿ ಮಾಡಬೇಕು. ಅವರ ಮನೆಗೆ 21 ದಿನ ತಪ್ಪದೆ ಹೋಗಿ ಜ್ವರ ನೋಡಬೇಕು. ಜ್ವರ ಬಂದರೆ ಅದೇ ದಿನ ಬೇರೆ ಕಡೆ ಸಾಗಿಸಬೇಕು. ಒಂದು ಹೆಸರು ಬಿಟ್ಟುಹೋದರೂ ಸಾಕು, ರೋಗ ಇನ್ನೊಂದು ಊರಲ್ಲಿ ತಲೆ ಎತ್ತುತ್ತದೆ.

ಈ ರೋಗ ಮೊದಲು ಬೆಳಕಿಗೆ ಬಂದದ್ದು 1976ರಲ್ಲಿ. ಆಗ ಝೈರ್‌ನ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಯಾಂಬುಕು ಎಂಬಲ್ಲಿ 318 ಜನಕ್ಕೆ ಬಂದು 280 ಜನ ಸತ್ತರು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಅವೇ ಸೂಜಿಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ನಾನು ಕಂಡ ಪಿಡುಗು ಶುರುವಾದದ್ದು 2013ರ ಡಿಸೆಂಬರ್‌ನಲ್ಲಿ, ಗಿನಿಯ ಮೆಲಿಯಾಂಡು ಹಳ್ಳಿಯ ಒಂದು ಪುಟ್ಟ ಮಗುವಿನಿಂದ ಎನ್ನುತ್ತಾರೆ. ಬಾವಲಿಯ ಮೇಲೆ ಎಲ್ಲರ ಅನುಮಾನ. ಅದು ಎಬೋಲಾ ಅಂತ ಖಚಿತವಾಗುವಷ್ಟರಲ್ಲಿ 2014ರ ಮಾರ್ಚ್ ಬಂದಿತ್ತು. ಆ ಭಾಗದಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರರ ಗಡಿಯೂ ಕೂಡುತ್ತದೆ. ಸಂತೆಗೆ, ನೆಂಟರ ಮನೆಗೆ, ಸಾವಿಗೆ ಅಂತ ಜನ ಆಚೆ ಈಚೆ ಓಡಾಡುತ್ತಲೇ ಇರುತ್ತಾರೆ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಜ್ವರ, ರಕ್ತಸ್ರಾವ ಇರುತ್ತದೆ. ಆದರೆ ಅದು ಉಣ್ಣೆ ಕಚ್ಚಿ ಬರುವಂಥದ್ದು, ರೋಗಿಯಿಂದ ಮನೆಯವರಿಗೆ ಹರಡುವುದಿಲ್ಲ. ಎಬೋಲಾ ಹರಡುವುದು ವಾಂತಿ, ಭೇದಿ, ರಕ್ತ, ಬೆವರಿನಿಂದ. ಹಾಗಾಗಿ ಆರೈಕೆ ಮಾಡಿದವರಿಗೇ ಮೊದಲು ಬರುತ್ತದೆ. ತಾಯಿಗೆ, ಹೆಂಡತಿಗೆ, ನರ್ಸ್‌ಗೆ. ಸಿಯೆರಾ ಲಿಯೋನ್‌ನದೇ ಕೆನೆಮಾ ಊರಿನ ಆಸ್ಪತ್ರೆಯಲ್ಲಿ ಎಬೋಲಾ ರೋಗಿಗಳನ್ನು ನೋಡುತ್ತಿದ್ದ ಡಾ. ಶೇಖ್ ಉಮರ್ ಖಾನ್ 2014ರ ಜುಲೈನಲ್ಲಿ ಅದೇ ರೋಗಕ್ಕೆ ಬಲಿಯಾದರು. ನನಗೆ ಅವರ ಮೇಲೆ ಬಹಳ ಗೌರವ. ಡಾಕ್ಟರೇ ಉಳಿಯಲಿಲ್ಲ ಅಂದಮೇಲೆ ಜನ ಆಸ್ಪತ್ರೆಗೆ ಹೆದರಿದ್ದರಲ್ಲಿ ತಪ್ಪೇನು?

‘ಯಾರನ್ನು ಮುಟ್ಟಿದಿರಿ?’ ಅಂತ ಕೇಳಿದರೆ ‘ಯಾರನ್ನೂ ಇಲ್ಲ’ ಅನ್ನುವ ಉತ್ತರವೇ ಬರುತ್ತಿತ್ತು. ಹೆಸರು ಹೇಳಿದರೆ ಆ ಮನೆಗೂ ಹಗ್ಗ ಕಟ್ಟುತ್ತಾರೆ, ಪೊಲೀಸರು ಬಂದು ನಿಲ್ಲುತ್ತಾರೆ, 21 ದಿನ ಗದ್ದೆಗೆ ಹೋಗುವ ಹಾಗಿಲ್ಲ. ಅಕ್ಕಪಕ್ಕದವರಿಗೆ ಆ ಕಷ್ಟ ತರಲು ಯಾರಿಗೆ ಮನಸ್ಸಾಗುತ್ತದೆ? ಅದಕ್ಕೆ ನಾವು ಮುಟ್ಟಿದ ಮಾತನ್ನೇ ಎತ್ತುತ್ತಿರಲಿಲ್ಲ. ಜಗಲಿಯಿಂದ ಎರಡು ಮೀಟರ್ ದೂರ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆವು. ಅದೇ ಊರಿನ ಹುಡುಗ ತೆಮ್ನೆ ಭಾಷೆಯಲ್ಲಿ ಮಾತಾಡಿಸುತ್ತಿದ್ದ. ಮೊದಲು ಮನೆಯವರ ಕಷ್ಟಸುಖ. ಆಮೇಲೆ ಒಂದೊಂದೇ ದಿನ ಹಿಂದೆ ಹೋಗುವುದು.

ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸನ್ನು ಅವನು ಹೀಗೇ ಕೇಳುತ್ತಾ ಹೋದ. ‘ಅಮ್ಮಾ, ಜ್ವರ ಬಂದ ದಿನ ಗಂಜಿ ಮಾಡಿಕೊಟ್ಟವರು ಯಾರು?’ ‘ನಾನೇ.’ ‘ನೀವು ನೀರಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದವರು?’ ‘ನಾದಿನಿ.’ ‘ಬಟ್ಟೆ ಒಗೆದವರು?’ ‘ಅವಳ ಮಗಳು.’ ‘ಔಷಧಿ ಅಂಗಡಿಗೆ ನಡೆದೇ ಹೋದರಾ?’ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ, ಒಕಾಡಾದಲ್ಲಿ’ ಅಂದರು. ಒಕಾಡಾ ಅಂದರೆ ಬಾಡಿಗೆ ಬೈಕ್. ನಿಲ್ಲಲಾರದ ರೋಗಿ ಸವಾರನ ಬೆನ್ನಿಗೆ ಒರಗಿಕೊಂಡೇ ಹೋಗಿದ್ದಾರೆ. ಆ ಸವಾರ ಅಲ್ಲಿವರೆಗೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಅಂದೇ ಸಂಜೆ ಅವನ ಮನೆ ಹುಡುಕಿಕೊಂಡು ಹೋದೆವು.

ಹಗ್ಗ ಕಟ್ಟಿದ ಮನೆಗೆ ಅಕ್ಕಿ, ನೀರು, ಸೌದೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕುಡಿಯಲು ನೀರಿಲ್ಲ ಅಂದರೆ ಯಾರು ತಾನೇ ಒಳಗೆ ಕೂರುತ್ತಾರೆ? ರಾತ್ರಿ ಹಿಂಬಾಗಿಲಿಂದ ಹೋಗುತ್ತಾರೆ, ಹೋಗಲೇಬೇಕಲ್ವಾ? ಮೊದಲ ದಿನವೇ ಅಕ್ಕಿ ತಲುಪಿದ ಮನೆಯವರು ಎರಡನೇ ದಿನ ತಾವಾಗಿಯೇ ಇನ್ನೆರಡು ಹೆಸರು ಹೇಳುತ್ತಿದ್ದರು.

ಶವದ ವಿಷಯ ಇದಕ್ಕಿಂತ ಸೂಕ್ಷ್ಮ. ಸತ್ತ ಹೊತ್ತಿಗೆ ಮೈಯಲ್ಲಿ ವೈರಸ್ ಅತಿ ಹೆಚ್ಚು ಇರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆಯವರು ಮೈ ತೊಳೆಯುತ್ತಾರೆ, ತಬ್ಬಿಕೊಂಡು ಅಳುತ್ತಾರೆ. ಮೊದಮೊದಲು ಕೆಲವು ಕಡೆ ಮುಸುಕು ಹಾಕಿದವರು ಬಂದು ಚೀಲದಲ್ಲಿ ಕಟ್ಟಿ ಒಯ್ದುಬಿಡುತ್ತಿದ್ದರು. ಆಗ ಜನ ಶವ ಬಚ್ಚಿಟ್ಟರು, ರಾತ್ರೋರಾತ್ರಿ ಹೂತರು. ನಿಯಮ ಬದಲಾಯಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಸಮಾಧಿ ತಂಡದವರು ಮೊದಲು ಮಾಮೂಲಿ ಬಟ್ಟೆಯಲ್ಲೇ ಬಂದು ಮನೆಯವರ ಹತ್ತಿರ ಮಾತಾಡಬೇಕು. ಮುಸ್ಲಿಮರ ಮನೆಯಾದರೆ ಬಿಳಿ ಬಟ್ಟೆ ಹೊದಿಸುವುದು, ನೀರಿಲ್ಲದೆ ಮಾಡುವ ಶುದ್ಧಿ, ದೂರದಲ್ಲಿ ನಿಂತು ಪ್ರಾರ್ಥನೆ. ಗುಂಡಿ ತೋಡಲು ಮನೆಯವರಿಗೂ ಅವಕಾಶ. ಆಮೇಲೆ ಸಾವಾದರೆ ಜನರೇ ಸಹಾಯವಾಣಿ 117ಕ್ಕೆ ಫೋನ್ ಮಾಡತೊಡಗಿದರು.

ಮೂರು ದೇಶ ಸೇರಿ 28,600ಕ್ಕೂ ಹೆಚ್ಚು ಜನಕ್ಕೆ ರೋಗ ಬಂತು, 11,300ಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ಗಿನಿಯಲ್ಲಿ ಲಸಿಕೆ ಪರೀಕ್ಷಿಸಿದಾಗ ರೋಗಿಯ ಸುತ್ತ ಇದ್ದವರಿಗೆ, ಆಮೇಲೆ ಅವರ ಸುತ್ತ ಇದ್ದವರಿಗೆ ಚುಚ್ಚಿದರು. ಅದಕ್ಕೂ ಬೇಕಾಗಿದ್ದು ಇದೇ ಪಟ್ಟಿ. ಎಬೋಲಾ ವೈರಸ್‌ನಲ್ಲಿ ಹಲವು ಬಗೆ ಇವೆ, ಆ ಲಸಿಕೆ ಝೈರ್ ಎನ್ನುವ ಬಗೆಗೆ ಮಾತ್ರ. 2022ರಲ್ಲಿ ಉಗಾಂಡಾದಲ್ಲಿ ಸುಡಾನ್ ಬಗೆ ಕಾಣಿಸಿಕೊಂಡಾಗ ಅದಕ್ಕೆ ಒಪ್ಪಿಗೆ ಪಡೆದ ಲಸಿಕೆಯೇ ಇರಲಿಲ್ಲ. ಅಲ್ಲಿನವರು ಮನೆಮನೆಗೆ ಹೋಗಿ ಪಟ್ಟಿ ಮಾಡಿ, ಜ್ವರ ನೋಡಿ, ರೋಗಿಗಳನ್ನು ಬೇಗ ಬೇರ್ಪಡಿಸಿ 2023ರ ಜನವರಿ ಹೊತ್ತಿಗೆ ಅದನ್ನು ನಿಲ್ಲಿಸಿದರು.