ಟಲ್ಸಾದ ಕೋವಿ ಸಂತೆಗೆ ನಾನು ಒಯ್ದ ಮರದ ತುಂಡು

ಹೋದ ನವೆಂಬರಿನಲ್ಲಿ ಕೊನೆಗೂ ಸಿಕ್ಕಿತು. ಬ್ರಿಟಿಷರು ನಮ್ಮ ಸಿಪಾಯಿಗಳಿಗೆಂದೇ ಮಾಡಿಸಿದ, ಗುಂಡನ್ನು ತಿರುಗಿಸಿ ನೇರ ಕಳಿಸುವ ತಿರುಪು ಗೆರೆ ನಳಿಗೆಯೊಳಗೆ ಇಲ್ಲದ ಎನ್‌ಫೀಲ್ಡ್ ಕೋವಿ. ಮೇಜಿನ ಮೇಲಿನ ಚೀಟಿಯಲ್ಲಿ 'ಎನ್‌ಫೀಲ್ಡ್, ನಳಿಗೆ ಸವೆದಿದೆ, 575' ಅಂತ ಬರೆದಿತ್ತು. ನಾನು 475 ಡಾಲರಿಗೆ ತಂದೆ. ಅದನ್ನು ಗುರುತಿಸಲು ನಳಿಗೆಯ ಬಾಯಿಗೆ ಬಿಟ್ಟು ನೋಡುವ ಒಂದು ಮರದ ತುಂಡು ಮಾಡಿಕೊಂಡಿದ್ದೆ. ನಾಲ್ಕು ವರ್ಷದಿಂದ 'ಆ ಮರದ ತುಂಡಿನಿಂದ ಏನೂ ಆಗಲ್ಲ ಗುರೂ' ಅನ್ನುತ್ತಿದ್ದ ಡಲ್ಲಾಸಿನ ಗೆಳೆಯರು ಈಗ ಆ ತುಂಡಿನ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡುತ್ತೇನೆ.

ಒಕ್ಲಹೋಮಾದ ಟಲ್ಸಾ ಶೋ ಗೊತ್ತಲ್ಲ, ವಾನೆನ್‌ಮೇಕರ್ ಶೋ. ಏಪ್ರಿಲ್‌ಗೊಂದು, ನವೆಂಬರ್‌ಗೊಂದು. ಹನ್ನೊಂದು ಎಕರೆ ಸೂರು, 4200 ಮೇಜು. ಡಲ್ಲಾಸಿನಿಂದ 75ನೇ ಹೈವೇ ಹಿಡಿದು ಉತ್ತರಕ್ಕೆ ನಾಲ್ಕು ಗಂಟೆಗೂ ಜಾಸ್ತಿ ದಾರಿ. ಮೈದಾನದ ಮುಂದೆ ಎಣ್ಣೆಬಾವಿ ಕೆಲಸಗಾರನ ಆ ಚಿನ್ನದ ಬಣ್ಣದ ದೈತ್ಯ ಮೂರ್ತಿ ಕಂಡ ಕೂಡಲೇ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಮೊದಲ ಸಲ ಎಲ್ಲ ಸಾಲೂ ನೋಡುತ್ತೇನೆ ಅಂತ ಶನಿವಾರ ಬೆಳಿಗ್ಗೆಯಿಂದ ನಡೆದೆ. ಸಂಜೆಗೆ ಕಾಲು ಊದಿತ್ತು, ಅರ್ಧವೂ ಮುಗಿದಿರಲಿಲ್ಲ. ನೋಡಿದ್ದರಲ್ಲೂ ಮುಕ್ಕಾಲು ಪಾಲು ಹೊಸ ಮಾಲು, ಚಾಕು, ಒಣಮಾಂಸ. ಈಗ ನಾನು ನೋಡುವುದು ಆರೇಳು ಸಾಲು ಮಾತ್ರ. ಯಾವ ಸಾಲು ಅಂತ ಹೇಳಲ್ಲ, ಅದು ನನ್ನ ಕಾಲು ಸವೆಸಿ ಕಲಿತದ್ದು.

ಆಗ ನಾನು ಎಚ್‌ಒನ್‌ಬಿ ವೀಸಾದಲ್ಲಿದ್ದೆ. ಹಾಗಾಗಿ 1898 ಮತ್ತು ಅದಕ್ಕೂ ಹಿಂದೆ ತಯಾರಾದದ್ದನ್ನು ಬಿಟ್ಟು ಬೇರೆ ಕೋವಿ ಮುಟ್ಟುತ್ತಿರಲಿಲ್ಲ. ಇಲ್ಲಿನ ಕೇಂದ್ರ ಕಾನೂನಿನ ಲೆಕ್ಕದಲ್ಲಿ ಅಂಥವು ಪುರಾತನ ವಸ್ತು, ಕೋವಿ ಅಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ ಅದೇ ಅಭ್ಯಾಸ ಉಳಿಯಿತು. ಸೋಮವಾರಪೇಟೆ ಕಡೆ ನಮ್ಮಜ್ಜನ ಮನೆಯಲ್ಲಿ ಬಾಗಿಲ ಹಿಂದೆ ಒಂದು ಕೇಪಿನ ಕೋವಿ ಇತ್ತು. ಕೇಪು ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ. ಅದರ ಎಣ್ಣೆ ವಾಸನೆ ಮೂಗಿಗೆ ಹತ್ತಿದವನಿಗೆ ಹೊಸ ಪ್ಲಾಸ್ಟಿಕ್ ಕೋವಿ ಯಾಕೆ ಹಿಡಿಸುತ್ತದೆ? ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ ಅಂತ ಒಮ್ಮೆ ಒಬ್ಬ ಮುದುಕ ವ್ಯಾಪಾರಿಗೆ ಹೇಳಿದೆ. ಆತ ಕುರ್ಚಿ ಎಳೆದು ಕೂರಿಸಿಕೊಂಡು ಅರ್ಧ ಗಂಟೆ ಕೇಳಿದ.

ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಮೊದಲ ಶೋದಲ್ಲೇ ಒಬ್ಬ 'ಟಿಪ್ಪು ಸುಲ್ತಾನನ ಕಾಲದ್ದು' ಅಂತ ಒಂದು ಚಕಮಕಿ ಕೋವಿ ತೋರಿಸಿದ. ಮೈಸೂರಿನ ಹೆಸರು ಕೇಳಿ ಕರಗಿಬಿಟ್ಟೆ. 400ರ ಹತ್ತಿರ ಕೊಟ್ಟೆ. ಮನೆಗೆ ತಂದು ಬಿಚ್ಚಿದರೆ ಕಿಡಿ ಹೊಡೆಸುವ ಕೀಲಿನ ಒಳಗಿನ ಸ್ಕ್ರೂಗಳು ಇತ್ತೀಚಿನ ಮೆಷಿನ್ ಸ್ಕ್ರೂ. ಗೋಡೆಗೆ ತೂಗುಹಾಕಲು ಮಾಡಿದ ಅಲಂಕಾರದ ಸಾಮಾನು. ಶ್ರೀರಂಗಪಟ್ಟಣದಲ್ಲಿ ತಯಾರಾದ ಅಸಲಿ ಕೋವಿಯ ಮೇಲೆ ಹುಲಿಪಟ್ಟೆ ಗುರುತು ಇರುತ್ತದೆ. ಅಂಥದು ಹರಾಜಿಗೆ ಬಂದರೆ ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲ. ಇಷ್ಟು ತಿಳಿದಿದ್ದೂ ಮೋಸ ಹೋದೆ ಅನ್ನುವುದೇ ಜಾಸ್ತಿ ನೋವು.

ಎರಡನೆಯದು ಹುಣಸೆಹಣ್ಣಿನ ಕಥೆ. ಹಿತ್ತಾಳೆ ಭಾಗಗಳು ಚೆನ್ನಾಗಿದ್ದ ಒಂದು ಸ್ನೈಡರ್ (ಎನ್‌ಫೀಲ್ಡ್ ಆದ ಮೇಲೆ ಬಂದ, ಹಿಂದಿನಿಂದ ತೋಟಾ ತುಂಬುವ ಬ್ರಿಟಿಷ್ ಕೋವಿ) ತಂದಿದ್ದೆ. ಮನೆಯಲ್ಲಿ ದೀಪ, ತಂಬಿಗೆ ಉಜ್ಜುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಅಂತು. ಮುಂದಿನ ಶೋಗೆ ಮಾರಲು ಒಯ್ದರೆ ನೋಡಿದವರೆಲ್ಲ ಕೈಬಿಟ್ಟರು. ನೂರಕ್ಕೂ ಹೆಚ್ಚು ವರ್ಷದ ಕಂದು ಬಣ್ಣ ಹೋಗಿದೆ, ಅದು ಮತ್ತೆ ಬರುವುದಿಲ್ಲ. ಕೊಂಡ ಬೆಲೆಗಿಂತ ಇನ್ನೂರು ಕಡಿಮೆಗೆ ಹೋಯಿತು. ದಯವಿಟ್ಟು ಯಾರೂ ಹಳೇ ಹಿತ್ತಾಳೆಗೆ ಹುಳಿ ಮುಟ್ಟಿಸಬೇಡಿ.

ಈಗ ಮರದ ತುಂಡಿನ ವಿಷಯ. 1857ರ ದಂಗೆಗೆ ಕಿಡಿ ಹಚ್ಚಿದ್ದು 1853ರ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ. ಅದು ನಮಗೆಲ್ಲ ಶಾಲೆಯಲ್ಲೇ ಗೊತ್ತು. ಅದರ ಮುಂದಿನ ಕಥೆ ಗೊತ್ತಿರುವವರು ಕಡಿಮೆ. ದಂಗೆ ಅಡಗಿದ ಮೇಲೆ ಬ್ರಿಟಿಷರು ಸಿಪಾಯಿಗಳ ಕೈಗೆ ತಮ್ಮಷ್ಟೇ ಒಳ್ಳೆಯ ಕೋವಿ ಕೊಡಲು ಸಿದ್ಧರಿರಲಿಲ್ಲ. ಹೊರಗಿನಿಂದ ನೋಡಿದರೆ ಅದೇ ಎನ್‌ಫೀಲ್ಡ್, ನಳಿಗೆಯನ್ನು ಮರಕ್ಕೆ ಹಿಡಿಸುವ ಅದೇ ಮೂರು ಬಳೆ, ಅದೇ 39 ಇಂಚಿನ ನಳಿಗೆ. ಒಳಗೆ ಮಾತ್ರ ಗೆರೆ ತೆಗೆದು ನುಣ್ಣಗೆ. ಗುಂಡು ದೂರಕ್ಕೆ ನೇರ ಹೋಗಬಾರದು, ಅಷ್ಟೇ. ರೈಫಲ್ಲಿನ ಬಾಯಿ 0.577 ಇಂಚು, ಸಿಪಾಯಿ ಕೋವಿಯದು 0.656. ಮೊದಲು ಬಂದ 1858ರ ಪ್ಯಾಟರ್ನಿನಲ್ಲಿ ನಳಿಗೆಯ ಗೋಡೆ ತೆಳ್ಳಗಾಯಿತು, ಆಮೇಲೆ 1859ರದರಲ್ಲಿ ದಪ್ಪ ಮಾಡಿದರು. ಒಂದು ರಾಜ್ಯ ತನ್ನದೇ ಸೈನಿಕನನ್ನು ನಂಬದಿದ್ದರೆ ಅದು ಕಬ್ಬಿಣದಲ್ಲಿ ಹೇಗೆ ಕಾಣುತ್ತದೆ ಅನ್ನುವುದು ಆ ನುಣ್ಣನೆ ನಳಿಗೆಯೊಳಗೆ ಟಾರ್ಚ್ ಬಿಟ್ಟರೆ ತಿಳಿಯುತ್ತದೆ. ನನಗೆ ಬೇಕಿದ್ದದ್ದು ಅದು.

ಇಲ್ಲಿನ ವ್ಯಾಪಾರಿಗಳಿಗೆ ಎನ್‌ಫೀಲ್ಡ್ ಅಂದರೆ ಅವರ ಅಂತರ್ಯುದ್ಧದ ಕೋವಿ. ಒಳಗೆ ಗೆರೆ ಇಲ್ಲದಿದ್ದರೆ 'ಸವೆದಿದೆ' ಇಲ್ಲವೇ 'ಯಾರೋ ಕೊರೆಸಿದ್ದಾರೆ' ಅಂತ ಪಕ್ಕಕ್ಕೆ ಇಡುತ್ತಾರೆ. ನಾನು ಮೊದಲು ಬಾಯಿ ಅಳೆಯಲು ವರ್ನಿಯರ್ ಅಳತೆಕೋಲು ಒಯ್ದೆ. ನಳಿಗೆ ಬಾಯಿಗೆ ಕಬ್ಬಿಣ ತಾಗಿಸಿದರೆ ಯಾರು ಸುಮ್ನಿರ್ತಾರೆ? ಇಬ್ಬರು ಬೈದು ಕಳಿಸಿದರು. ಆಮೇಲೆ ಅಂಗಡಿಯಿಂದ ದುಂಡು ಮರದ ಕೋಲು ತಂದು ಎರಡಿಂಚು ತುಂಡು ಮಾಡಿದೆ. ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ಸರಿಯಾಗಿ 16 ಮಿಲಿಮೀಟರ್ ಮಾಡಿದೆ. ರೈಫಲ್ ಬಾಯಿ ಹದಿನಾಲ್ಕೂವರೆ ಮಿಲಿಮೀಟರ್ ಚಿಲ್ಲರೆ, ತುಂಡು ಒಳಗೆ ಹೋಗುವುದೇ ಇಲ್ಲ. ಸಿಪಾಯಿ ಕೋವಿ ಹದಿನಾರೂವರೆ ದಾಟುತ್ತದೆ, ಸಲೀಸಾಗಿ ಇಳಿಯುತ್ತದೆ. ತುಂಡಿಗೆ ಒಂದು ದಾರ ಕಟ್ಟಿರಿ, ಮರೆಯಬೇಡಿ. ಒಮ್ಮೆ ಒಳಗೇ ಬಿದ್ದುಹೋಗಿ ಕೋವಿಯನ್ನು ತಲೆಕೆಳಗೆ ಮಾಡಿಸಬೇಕಾಯಿತು.

ಆದರೆ ಇದನ್ನೇ ನಂಬಿ ಮೂರನೇ ಶೋದಲ್ಲಿ 300 ಡಾಲರ್ ಕಳೆದೆ. ತುಂಡು ಇಳಿಯಿತು, ಕುಣಿದು ತಂದೆ. ಅದು ಅಂತರ್ಯುದ್ಧ ಮುಗಿದ ಮೇಲೆ ಯಾವನೋ ರೈತ ಹಕ್ಕಿ ಹೊಡೆಯಲು ಕೊರೆಸಿಕೊಂಡ ಕೋವಿ. ಗೆಳೆಯರು ಅಂದಿದ್ದು ಅಲ್ಲಿಗೆ ನಿಜವಾಯಿತು. ಆರು ತಿಂಗಳು ತುಂಡನ್ನು ಡ್ರಾಯರಿನಲ್ಲೇ ಇಟ್ಟಿದ್ದೆ. ಆಮೇಲೆ ಹೊಳೆಯಿತು, ಗುರಿಪಟ್ಟಿ ನೋಡಬೇಕು ಅಂತ. ರೈಫಲ್ಲಿಗೆ ನಳಿಗೆ ಮೇಲೆ ಏಣಿಯ ಹಾಗೆ ಎದ್ದು ನಿಲ್ಲುವ ಗುರಿಪಟ್ಟಿ ಇರುತ್ತದೆ. ಸಿಪಾಯಿ ಕೋವಿಗೆ ಒಂದು ಗಟ್ಟಿ ಮೊಟ್ಟು, ಅದರಲ್ಲಿ ಒಂದು ಕಚ್ಚು, ಅಷ್ಟೇ. ದೂರಕ್ಕೆ ಹೊಡೆಯದ ಕೋವಿಗೆ ಏಣಿ ಯಾಕೆ? ರೈತ ಕೊರೆಸಿದ್ದರಲ್ಲಿ ಸಾಮಾನ್ಯವಾಗಿ ಗುರಿಪಟ್ಟಿ ಕಿತ್ತ ಬೆಸುಗೆ ಗುರುತು ಕಾಣುತ್ತದೆ, ಮರವನ್ನೂ ಮುಂದೆ ಕತ್ತರಿಸಿರುತ್ತಾರೆ. ತುಂಡು ಇಳಿಯಬೇಕು, ಮೊಟ್ಟು ಇರಬೇಕು, ಮೂರೂ ಬಳೆ ಇರಬೇಕು. ನಳಿಗೆಯ ಕೆಳಗೆ ನಾನು ನೋಡುವ ನಾಲ್ಕನೆಯದೊಂದು ಇದೆ. ಅದನ್ನು ಇನ್ನೊಂದು ಕೋವಿ ಸಿಗುವ ತನಕ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನವೆಂಬರಿನ ಕೋವಿ ಸಿಕ್ಕಿದ್ದು ಭಾನುವಾರ ಮಧ್ಯಾಹ್ನ, ಬಿಡಿಭಾಗ ಮಾರುವವನ ಮೇಜಿನ ಕೆಳಗಿನ ಪೆಟ್ಟಿಗೆಗೆ ಒರಗಿಸಿದ್ದು. ಕೇಳಿಯೇ ಎತ್ತಿದೆ. ಮೊದಲು ಅದು ಖಾಲಿಯೋ ಅಂತ ನೋಡಿದೆ. ಮದ್ದು ಗುಂಡು ಜಡಿಯುವ ಗಜಕಡ್ಡಿಯನ್ನು ಬಾಯಿಂದ ಕೆಳಗೆ ಬಿಟ್ಟು, ಬಾಯಿಯ ಅಂಚಿನಲ್ಲಿ ಹೆಬ್ಬೆರಳು ಒತ್ತಿ ಹಿಡಿದು, ಹೊರಗೆ ತೆಗೆದು ನಳಿಗೆ ಪಕ್ಕಕ್ಕೆ ಇಟ್ಟೆ. ತುದಿ ಕೇಪು ಕೂರಿಸುವ ಮೊಲೆಯ ತನಕ ಬಂತು. ಒಂದೆರಡು ಇಂಚು ಕಡಿಮೆ ಬಂದಿದ್ದರೂ ಒಳಗೆ ಮದ್ದು ಗುಂಡು ಇರಬಹುದು ಅಂತ ಅರ್ಥ. ಅಂಥದು ಒಮ್ಮೆ ನನಗೇ ಸಿಕ್ಕಿತ್ತು, ಮಾರುವವನಿಗೂ ಗೊತ್ತಿರಲಿಲ್ಲ. ಆಮೇಲೆ ತುಂಡು ಬಿಟ್ಟೆ. ಒಂದು ಚೂರೂ ತಡೆಯದೆ ಇಳಿಯಿತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಕೀಲಿನ ತಗಡಿನ ಮೇಲೆ ಕಿರೀಟ, ಅದರ ಕೆಳಗೆ ವಿ.ಆರ್. (ವಿಕ್ಟೋರಿಯಾ ರಾಣಿಯ ಗುರುತು), ಮುಂದೆ 1860, ಟವರ್ (ಲಂಡನ್ನಿನ ಸರಕಾರಿ ಶಸ್ತ್ರಾಗಾರದ ಗುರುತು). ಮೊಟ್ಟು ಹಾಗೇ ಇತ್ತು. ಮುಖದಲ್ಲಿ ಏನೂ ತೋರಿಸದೆ ಕೆಳಗಿಟ್ಟು, ಪಕ್ಕದ ಮೇಜಿನಲ್ಲಿ ಕಾಫಿ ಕುಡಿದು ಬಂದು 425 ಅಂದೆ. 475ಕ್ಕೆ ನಿಂತಿತು.

ಚೌಕಾಸಿಗೆ ನನ್ನ ಇನ್ನೊಂದು ಬಂಡವಾಳ ದೇವನಾಗರಿ. 2003ರಲ್ಲಿ ಕಾಠ್ಮಂಡುವಿನ ಹಳೇ ಶಸ್ತ್ರಾಗಾರದಿಂದ ಸಾವಿರಾರು ಕೋವಿ ಅಮೆರಿಕಕ್ಕೆ ಬಂದವಲ್ಲ, ಅವು ಈಗ ಪ್ರತಿ ಶೋದಲ್ಲೂ ಇರುತ್ತವೆ. ಅವುಗಳ ಮೇಲೆ ದೇವನಾಗರಿಯಲ್ಲಿ ಅಕ್ಷರ, ಅಂಕಿ ಕೊರೆದಿರುತ್ತಾರೆ. ಒಬ್ಬ ವ್ಯಾಪಾರಿ ಅದನ್ನು ಯಾವನೋ ರಾಜಕುಮಾರನ ಹೆಸರು ಅಂದುಕೊಂಡಿದ್ದ. ಓದಿ ಹೇಳಿದೆ, ಬರೀ 273 ಅಂತಿತ್ತು. ಅವನು ಬೇಜಾರಾಗಲಿಲ್ಲ. ತನ್ನ ಮೇಜಿನ ಹತ್ತು ಹನ್ನೆರಡು ಕೋವಿಯ ಅಂಕಿ ಓದಿಸಿ ಬರೆದುಕೊಂಡ, ನನಗೆ ಒಂದು ಸ್ನೈಡರ್ ಬಯೊನೆಟ್ ಅರ್ಧ ಬೆಲೆಗೆ ಕೊಟ್ಟ. ಹಿಂದಿ ಮೇಷ್ಟ್ರು ಹೊಡೆದು ಕಲಿಸಿದ್ದು ಒಕ್ಲಹೋಮಾದಲ್ಲಿ ಕೆಲಸಕ್ಕೆ ಬಂತು.

ನಡುವೆ ಮಾಡಿದ ಪ್ರಯೋಗಗಳೂ ಇವೆ. ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದೆ. ಡಿಸೆಂಬರಿನಲ್ಲಿ ಗ್ಯಾರೇಜಿನ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತು, ಬೇಸಿಗೆಗೆ ಕಮಟು ವಾಸನೆ. ಅಗಸೆ ಎಣ್ಣೆಯೇ ಸರಿ, ಒಂದೊಂದೇ ಹನಿ, ಅಂಗೈಯಲ್ಲಿ ಬಿಸಿ ಬರುವ ತನಕ ತಿಕ್ಕಬೇಕು. ಅಳಿಸಿದ ಅಕ್ಷರಕ್ಕೆ ವಿಭೂತಿ ಪುಡಿ ಸವರಿ ಬಟ್ಟೆಯಲ್ಲಿ ಒರೆಸಿದರೆ ತಗ್ಗಿನಲ್ಲಿ ಬಿಳಿ ನಿಲ್ಲುತ್ತದೆ. ಸೀಮೆಸುಣ್ಣಕ್ಕಿಂತ ನುಣುಪು, ಚೆನ್ನಾಗಿ ಓದಬಹುದು. ಶನಿವಾರ ಜನ ಜಾಸ್ತಿ ಇದ್ದರೆ ನಾನು ಹತ್ತಿರದ ಕ್ಲೇರ್‌ಮೋರಿನ ಜೆ.ಎಂ. ಡೇವಿಸ್ ಮ್ಯೂಸಿಯಮ್ಮಿಗೆ ಹೋಗಿಬಿಡುತ್ತೇನೆ. ಒಬ್ಬ ಹೋಟೆಲ್ ಮಾಲೀಕ ಕೂಡಿಟ್ಟ ಸಾವಿರಾರು ಕೋವಿ ಅಲ್ಲಿವೆ. ಕಣ್ಣು ಪಳಗಲು ಅದಕ್ಕಿಂತ ಒಳ್ಳೆ ಜಾಗ ಆ ಕಡೆ ಇಲ್ಲ.

ಒಟ್ಟು ಎಂಟು ಶೋ. ಪೆಟ್ರೋಲು, ಎರಡು ರಾತ್ರಿ ಮೋಟೆಲು, ಟಿಕೆಟ್ಟು ಸೇರಿ ಒಂದು ಸಲಕ್ಕೆ 300 ಚಿಲ್ಲರೆ. ತಪ್ಪು ಖರೀದಿಯಲ್ಲಿ ಹೋದದ್ದು ಸಾವಿರದ ಹತ್ತಿರ. ಮನೆಯವಳು ಲೆಕ್ಕ ಇಟ್ಟಿದ್ದಾಳೆ, ನನಗಿಂತ ಸರಿಯಾಗಿ. ಕೋವಿ ತಂದ ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡಿ ದೊಡ್ಡಪ್ಪನಿಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. 'ಇದು ನಮ್ಮ ಅಜ್ಜನ ಕೋವಿ ಹಾಗೇ ಉಂಟಲ್ಲ ಮಾರಾಯ, ಆ ಮೊಟ್ಟು ಇನ್ನೊಂದ್ಸಲ ತೋರ್ಸು' ಅಂದರು. ಆ ಕೋವಿ ಈಗ ಮನೆಯಲ್ಲಿಲ್ಲ, ಯಾರಿಗೆ ಕೊಟ್ಟರೋ ಅವರಿಗೂ ನೆನಪಿಲ್ಲ.

ಏಪ್ರಿಲ್ ಶೋಗೆ ಡಲ್ಲಾಸಿನಿಂದ ಇಬ್ಬರು ನನ್ನ ಜೊತೆ ಬರುತ್ತಾರಂತೆ. ಬರಲಿ. ಕಾರಿನಲ್ಲಿ ಜಾಗ ಇದೆ. ತುಂಡು ಮಾತ್ರ ಅವರವರೇ ತಿಕ್ಕಿಕೊಂಡು ಬರಬೇಕು, ಸರಿಯಾಗಿ 16 ಮಿಲಿಮೀಟರ್.